ಚರಿತ್ರೆಯ ಆಟದಲ್ಲಿ ಪೋಪ್ ಪೀಠ: ಕೆಲವು ಆಲೋಚನೆಗಳು

ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ರೋಮಿನ ಪೋಪರನ್ನೂ ಕಂಪ್ಯೂಟರ್ ಆಟವನ್ನೂ ಒಟ್ಟಿಗೆ ಕುರಿತ ಲೇಖನವನ್ನು ಕಂಡು ವಿದ್ವಾಂಸಮಿತ್ರರು ಹುಬ್ಬೇರಿಸಬಹುದು. ಶಾಸನ, ವಚನ, ರಗಳೆ, ಕಾದಂಬರಿಗಳ ನಡುವೆ ಇದಕ್ಕೇನು ಕೆಲಸವೆಂಬ ಪ್ರಶ್ನೆ ಸಹಜವಾದುದೇ. ಆದರೆ ಈ ಬರಹಕ್ಕೆ ಪ್ರೇರಣೆ ದೊರೆತದ್ದು ನಮ್ಮ ತರಗತಿಯಲ್ಲಿಯೇ. ಚಾರಿತ್ರಿಕ ಕಾದಂಬರಿಯನ್ನು ಕುರಿತು ವಿದ್ಯಾರ್ಥಿಗಳು ಪ್ರಬಂಧಗಳನ್ನು ಓದಿದ ದಿನ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಚರ್ಚೆಯ ಕೊನೆಯಲ್ಲಿ, “ಸರ್, ನನ್ನ ವಯಸ್ಸಿನವರು ಚರಿತ್ರೆಯನ್ನು ಓದುವುದಕ್ಕಿಂತ ಆಡುವುದೇ ಹೆಚ್ಚು” ಎಂದ. ಮರುದಿನ ತನ್ನ ಲ್ಯಾಪ್‌ಟಾಪನ್ನು ತಂದು ಆಡಿಯೂ ತೋರಿಸಿದ. ಆಟದಲ್ಲಿ ಅವನು ಹನ್ನೊಂದನೆಯ ಶತಮಾನದ ಯುರೋಪಿನ ಒಬ್ಬ ಅರಸ. ಬೊಕ್ಕಸ ಬರಿದಾಗಿತ್ತು. “ಪುಣ್ಯ ಸಾಕಷ್ಟು ಕೂಡಿದೆ, ಪೋಪರಿಗೂ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿದೆ, ಈಗ ಹಣ ಕೇಳಿದರೆ ಕೊಡುತ್ತಾರೆ” ಎಂದು ಹೇಳಿ ಗುಂಡಿಯೊಂದನ್ನು ಒತ್ತಿದ. ಹಣ ಬಂತು; ಪುಣ್ಯದ ಅಂಕೆ ಇಳಿಯಿತು; ಯುದ್ಧ ಮುಂದುವರಿಯಿತು. ಆ ಪೋಪರ ಹೆಸರೇನೆಂದು ನಾನು ಕೇಳಿದಾಗ ಅವನು ನಕ್ಕು, “ಅದನ್ನು ನೋಡಲಿಲ್ಲ ಸರ್” ಎಂದ.

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಹುಡುಗ ಬುದ್ಧಿವಂತ, ಅವನ ಅಲಕ್ಷ್ಯಕ್ಕೆ ಅವನೊಬ್ಬನೇ ಹೊಣೆಯಲ್ಲ. ಹೆಸರನ್ನು ನೋಡುವ ಅಗತ್ಯವೇ ಬಾರದಂತೆ ಆಟವು ಪೋಪ್ ಪೀಠವನ್ನು ಕಲ್ಪಿಸಿಕೊಂಡಿದೆ. ಮಧ್ಯಯುಗದ ಪೋಪ್ ಪೀಠವು ಮುಖ್ಯವಾಗಿ ಮಾತಿನಿಂದ, ಪತ್ರದಿಂದ, ಜನರ ನಂಬಿಕೆಯಿಂದ ಆಳಿದ ಸಂಸ್ಥೆ. ಅರಸನು ಬೆಲೆ ತೆತ್ತು ಬಳಸಿಕೊಳ್ಳುವ ಸಾಧನವಾಗಿ ಅದನ್ನು ಚಿತ್ರಿಸುವುದು ವಿವರಗಳಲ್ಲಿ ಆಗುವ ಸಣ್ಣ ತಪ್ಪಲ್ಲ. ಆ ಕಾಲದ ಅಧಿಕಾರದ ಸ್ವರೂಪವನ್ನೇ ತಲೆಕೆಳಗು ಮಾಡುವ ತಪ್ಪು. ಈ ಅಭಿಪ್ರಾಯವನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ನನ್ನ ಉದ್ದೇಶ.

1

ಮೊದಲಿಗೆ ಈ ಆಟಗಳ ಪರಿಚಯ ಅವಶ್ಯ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್’ ಎಂಬ ಆಟದ ಎರಡನೆಯ ಆವೃತ್ತಿ 2012ರಲ್ಲಿಯೂ ಮೂರನೆಯದು 2020ರಲ್ಲಿಯೂ ಹೊರಬಂದವು. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆಯ ‘ಮಿಡೀವಲ್ 2: ಟೋಟಲ್ ವಾರ್’ 2006ರದು. ಆಟಗಾರನು ಒಂದು ರಾಜ್ಯವನ್ನೋ ಒಂದು ರಾಜವಂಶವನ್ನೋ ವಹಿಸಿಕೊಂಡು ತಲೆಮಾರುಗಳ ಕಾಲ ನಡೆಸುತ್ತಾನೆ. ಮದುವೆ, ಉತ್ತರಾಧಿಕಾರ, ತೆರಿಗೆ, ಯುದ್ಧ, ಒಳಸಂಚು ಎಲ್ಲವೂ ಅವನ ಕೈಯಲ್ಲಿ. ಇವುಗಳ ಹಿಂದಿರುವ ಅಧ್ಯಯನವನ್ನು ಹಗುರವಾಗಿ ಕಾಣುವಂತಿಲ್ಲ. ‘ಕ್ರುಸೇಡರ್ ಕಿಂಗ್ಸ್’ನ ಎರಡನೆಯ ಆವೃತ್ತಿಯಲ್ಲಿ, ಬಿಷಪರನ್ನು ನೇಮಿಸುವ ಹಕ್ಕು ಅರಸನದೋ ಪೋಪನದೋ ಎಂಬ ಪ್ರಶ್ನೆ ರಾಜ್ಯದ ಕಾನೂನಾಗಿ ಬರುತ್ತದೆ. ತನ್ನ ಅರಸನಿಗಿಂತ ಪೋಪನ ಮೇಲೆ ಹೆಚ್ಚು ಒಲವುಳ್ಳ ಬಿಷಪನು ತೆರಿಗೆಯನ್ನು ರೋಮಿಗೇ ಸಲ್ಲಿಸುತ್ತಾನೆ. ಅರಸನು ತನಗೆ ಬೇಕಾದವನನ್ನು ಪ್ರತಿಪೋಪನನ್ನಾಗಿ ನಿಲ್ಲಿಸಬಹುದು. ಹನ್ನೊಂದನೆಯ ಶತಮಾನದ ಮುಖ್ಯ ಸಂಘರ್ಷವೊಂದನ್ನು ಹದಿಹರೆಯದ ಓದುಗನ ಬೆರಳ ತುದಿಗೆ ತಂದ ಕೀರ್ತಿ ಈ ಆಟಕ್ಕೆ ಸಲ್ಲಬೇಕು. ಎಷ್ಟೋ ಪಠ್ಯಪುಸ್ತಕಗಳು ಈ ಕೆಲಸವನ್ನು ಮಾಡಿಲ್ಲ.

ಆದರೂ ಈ ಎಲ್ಲ ಏರ್ಪಾಡಿನ ಕೆಳಗೆ ಒಂದು ಸರಳ ಲೆಕ್ಕವಿದೆ. ಅರಸನು ಪುಣ್ಯವನ್ನು ಗಳಿಸುತ್ತಾನೆ. ಅದನ್ನು ತೆತ್ತು ಪೋಪನಿಂದ ಹಣವನ್ನೋ, ಪರರಾಜ್ಯದ ಮೇಲೆ ಹಕ್ಕನ್ನೋ, ಶತ್ರುವಿನ ಬಹಿಷ್ಕಾರವನ್ನೋ ಪಡೆಯುತ್ತಾನೆ. ‘ಮಿಡೀವಲ್’ನಲ್ಲಿ ಇಗರ್ಜಿಗಳನ್ನು ಕಟ್ಟಿಸಿದಷ್ಟೂ ಪೋಪನ ಕೃಪೆ ಏರುತ್ತದೆ. ಮುನಿದ ಪೋಪನು ಕಾಲವಾಗಿ ಮತ್ತೊಬ್ಬ ಬಂದರೆ ಹಳೆಯ ಬಹಿಷ್ಕಾರ ಕಳೆಯುವುದರಿಂದ, ಮುದುಕ ಪೋಪನನ್ನು ಗುಟ್ಟಾಗಿ ಕೊಲ್ಲಿಸುವುದು ಜಾಣ ಉಪಾಯವೆಂದು ಆಟಗಾರರು ಬೇಗ ಕಲಿಯುತ್ತಾರೆ.

ಪುಣ್ಯವನ್ನು ಲೆಕ್ಕವಿಡುವುದೇ ಅಸಂಗತವೆಂದು ನಾನು ಹೇಳುತ್ತಿಲ್ಲ. ಪುಣ್ಯ ತೀರಿದ ಮೇಲೆ ಸ್ವರ್ಗದಿಂದ ಇಳಿಯಬೇಕೆಂಬ ಭಾವನೆ ನಮ್ಮ ಪುರಾಣಗಳಿಗೂ ಪರಿಚಿತ. ಮಧ್ಯಯುಗದ ಕ್ಯಾಥೊಲಿಕ್ ಧರ್ಮಸಭೆಗೂ ಪುಣ್ಯದ ಲೆಕ್ಕವಿತ್ತು. 1095ರಲ್ಲಿ ಕ್ಲೆರ್ಮಾಂಟಿನ ಸಭೆಯಲ್ಲಿ ಎರಡನೆಯ ಅರ್ಬನ್ ಪೋಪರು ಜೆರುಸಲೇಮಿನ ಯಾತ್ರೆಯನ್ನು ಪ್ರಾಯಶ್ಚಿತ್ತಕ್ಕೆ ಸಮನೆಂದು ಸಾರಿದರು. 1343ರಲ್ಲಿ ಆರನೆಯ ಕ್ಲೆಮೆಂಟರು, ಕ್ರಿಸ್ತನ ಮತ್ತು ಸಂತರ ಪುಣ್ಯವು ಧರ್ಮಸಭೆಯ ಅಕ್ಷಯ ಭಂಡಾರವೆಂಬ ಸಿದ್ಧಾಂತವನ್ನು ಆಜ್ಞಾಪತ್ರದ ಮೂಲಕ ನಿರೂಪಿಸಿದರು. ಆದರೆ ಆ ಭಂಡಾರದ ಬೀಗದ ಕೈ ಯಾರಲ್ಲಿತ್ತು? ಸಂತ ಪೀಟರನ ಉತ್ತರಾಧಿಕಾರಿಯಲ್ಲಿ. ಅರಸನಾದರೂ ಅದರ ಮುಂದೆ ಸಾಲಗಾರನೇ. ಆಟದಲ್ಲಿ ಈ ಸಂಬಂಧ ಅದಲುಬದಲಾಗಿದೆ: ಬಂಡವಾಳ ಅರಸನದು, ಪೋಪನು ಅಂಗಡಿಕಾರ.

2

ಕನೋಸಾದ ಪ್ರಸಂಗವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. 1076ರ ಜನವರಿಯಲ್ಲಿ ಜರ್ಮನಿಯ ಅರಸ ನಾಲ್ಕನೆಯ ಹೆನ್ರಿಯೂ ಅವನ ಬಿಷಪರೂ ವರ್ಮ್ಸ್ ನಗರದಲ್ಲಿ ಸೇರಿ, ಏಳನೆಯ ಗ್ರೆಗರಿ ಪೋಪರು ಪೀಠವನ್ನು ಬಿಟ್ಟಿಳಿಯಬೇಕೆಂದು ಪತ್ರ ಬರೆದರು. ಮರುತಿಂಗಳು ಗ್ರೆಗರಿಯವರು ಅರಸನನ್ನು ಧರ್ಮಬಾಹಿರನೆಂದು ಘೋಷಿಸಿ, ಅವನಿಗೆ ಪ್ರಜೆಗಳು ಮಾಡಿದ ನಿಷ್ಠೆಯ ಪ್ರಮಾಣವನ್ನು ರದ್ದುಪಡಿಸಿದರು. ಒಂದು ಸಭೆಯಲ್ಲಿ ಉಚ್ಚರಿಸಿದ ವಾಕ್ಯ, ಅಷ್ಟೇ. ಅದರ ಹಿಂದೆ ಜರ್ಮನಿಯನ್ನು ಗೆಲ್ಲಬಲ್ಲ ಸೇನೆಯೇನೂ ಇರಲಿಲ್ಲ. ಆದರೂ ಆ ವರ್ಷ ಮುಗಿಯುವುದರೊಳಗೆ ಬಿಷಪರಲ್ಲಿ ಅನೇಕರು ಅರಸನ ಪಕ್ಷದಿಂದ ಜಾರಿದರು. ಬಹಿಷ್ಕಾರದಿಂದ ಒಂದು ವರ್ಷದೊಳಗೆ ಬಿಡುಗಡೆ ಪಡೆಯದಿದ್ದರೆ ತಾವು ಅವನನ್ನು ಅರಸನೆಂದು ಮನ್ನಿಸುವುದಿಲ್ಲವೆಂದು ಸಾಮಂತರು ತಿಳಿಸಿದರು. ಮೊದಲೇ ಅಸಮಾಧಾನಗೊಂಡಿದ್ದ ಸಾಮಂತರಿಗೆ ಪೋಪರ ವಾಕ್ಯವು ಒಂದು ಸಕಾರಣವನ್ನು ಒದಗಿಸಿತೆಂಬುದು ನಿಜ. ಆದರೆ ಆ ವಾಕ್ಯಕ್ಕೆ ಬೆಲೆಯುಂಟೆಂದು ಜನ ನಂಬದೆ ಇದ್ದಿದ್ದರೆ ಅದು ಯಾವ ನೆಪಕ್ಕೂ ಒದಗುತ್ತಿರಲಿಲ್ಲ.

ಹೆನ್ರಿ ಚಳಿಗಾಲದಲ್ಲಿ ಆಲ್ಪ್ಸ್ ಪರ್ವತವನ್ನು ದಾಟಿ ಬಂದನು. ಟಸ್ಕನಿಯ ಮಟಿಲ್ಡಾ ಎಂಬ ಪ್ರಬಲ ಮಹಿಳೆಯ ಕೋಟೆಯಾದ ಕನೋಸಾದಲ್ಲಿ ಪೋಪರು ತಂಗಿದ್ದರು. 1077ರ ಜನವರಿಯ ಕೊನೆಯಲ್ಲಿ ಅರಸನು ಮೂರು ದಿನ ಕೋಟೆಯ ಬಾಗಿಲಲ್ಲಿ ಬರಿಗಾಲಿನಲ್ಲಿ, ಪಶ್ಚಾತ್ತಾಪಿಯ ಉಣ್ಣೆಯ ಉಡುಪಿನಲ್ಲಿ ನಿಂತನೆಂದು ಪೋಪರೇ ಜರ್ಮನಿಯ ಸಾಮಂತರಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಇಲ್ಲಿಯವರೆಗಿನ ಕಥೆ ಪೋಪರ ವಿಜಯದಂತೆ ತೋರುತ್ತದೆ. ಆದರೆ ಮಂಡಿಯೂರಿ ಕ್ಷಮೆ ಬೇಡುವವನನ್ನು ಕ್ಷಮಿಸದೆ ಕಳುಹಿಸುವ ಸ್ವಾತಂತ್ರ್ಯ ಪಾದ್ರಿಯಾದವನಿಗೆ ಎಲ್ಲಿದೆ? ರಾಜಕಾರಣಿಯಾಗಿ ಗ್ರೆಗರಿಯವರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಜರ್ಮನಿಗೆ ಹೋಗಿ ಸಾಮಂತರ ಸಭೆಯಲ್ಲಿ ವಿಚಾರಿಸಬೇಕಾಗಿತ್ತು. ಧರ್ಮಗುರುವಾಗಿ ಅವರು ಕ್ಷಮಿಸಲೇಬೇಕಾಯಿತು. ಕ್ಷಮೆ ಪಡೆದ ಹೆನ್ರಿ ಚೇತರಿಸಿಕೊಂಡನು. ತಮ್ಮನ್ನು ಕೇಳದೆ ಕ್ಷಮಿಸಿದರೆಂದು ಅಸಮಾಧಾನಗೊಂಡ ಸಾಮಂತರು ಮಾರ್ಚ್ ತಿಂಗಳಲ್ಲಿ ಬೇರೊಬ್ಬ ಅರಸನನ್ನು ಆರಿಸಿಕೊಂಡರು. 1080ರಲ್ಲಿ ಎರಡನೆಯ ಸಲ ಬಹಿಷ್ಕಾರ ಹಾಕಿದಾಗ ಅದರ ಕಾವು ಮೊದಲಿನಷ್ಟಿರಲಿಲ್ಲ. ಹೆನ್ರಿ ತನ್ನವನನ್ನು ಪ್ರತಿಪೋಪನನ್ನಾಗಿಸಿ 1084ರಲ್ಲಿ ರೋಮನ್ನು ಹಿಡಿದನು; ಮರುವರ್ಷ ಗ್ರೆಗರಿಯವರು ಸಲೆರ್ನೊ ನಗರದಲ್ಲಿ ದೇಶಭ್ರಷ್ಟರಾಗಿ ತೀರಿಕೊಂಡರು.

ಪೋಪ್ ಪೀಠದ ಬಲವೂ ಅದರ ಬಂಧನವೂ ಒಂದೇ ಮೂಲದಿಂದ ಹುಟ್ಟಿದವೆಂಬುದೇ ಈ ಪ್ರಸಂಗದ ತಿರುಳು. ಕಟ್ಟುವ ಅಧಿಕಾರವನ್ನು ಕೊಟ್ಟ ನಂಬಿಕೆಯೇ ಬಿಚ್ಚುವ ಕರ್ತವ್ಯವನ್ನೂ ಹೇರುತ್ತದೆ. ಒಮ್ಮೆ ಫಲಿಸಿದ ಮಾತು ಇನ್ನೊಮ್ಮೆ ಫಲಿಸುವುದೆಂಬ ಭರವಸೆಯಿಲ್ಲ. ಆಟದ ಗುಂಡಿಯಾದರೋ ಪ್ರತಿ ಸಲವೂ ಅಷ್ಟೇ ಬೆಲೆಗೆ ಅಷ್ಟೇ ಫಲವನ್ನು ಕೊಡುತ್ತದೆ. ಹೆನ್ರಿಯ ಮೂರು ದಿನಗಳು ನಟನೆಯೋ ನಿಜವಾದ ಪಶ್ಚಾತ್ತಾಪವೋ ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ. ಪ್ರಾಯಶಃ ಹೆನ್ರಿಗೂ ಅದು ಬಗೆಹರಿದಿರಲಾರದು. ಈ ಸಂದಿಗ್ಧತೆಗೆ ಅಂಕೆಯಲ್ಲಿ ಜಾಗವಿಲ್ಲ.

3

ಎರಡನೆಯ ಸಮಸ್ಯೆ ಪರಂಪರೆಗೆ ಸಂಬಂಧಿಸಿದ್ದು. ‘ಕ್ರುಸೇಡರ್ ಕಿಂಗ್ಸ್’ ಮೂಲತಃ ವಂಶದ ಆಟ. ಅರಸ ಸತ್ತರೆ ಮಗನಾಗಿ, ಮಗ ಸತ್ತರೆ ಮೊಮ್ಮಗನಾಗಿ ಆಟಗಾರ ಮುಂದುವರಿಯುತ್ತಾನೆ. ವಂಶ ನಶಿಸಿದರೆ ಆಟ ಮುಗಿಯಿತು. ಇಂಥ ವಿನ್ಯಾಸದಲ್ಲಿ ಆಟಗಾರನು ಪೋಪನಾಗಲು ಸಾಧ್ಯವಿಲ್ಲ, ಏಕೆಂದರೆ ಪೋಪನಿಗೆ ವಂಶವಿಲ್ಲ. ವಂಶಪರಂಪರೆಗೂ ಪೀಠಪರಂಪರೆಗೂ ಇರುವ ವ್ಯತ್ಯಾಸವನ್ನು ಮಠಗಳ ನಾಡಿನಿಂದ ಬಂದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೀಠದಲ್ಲಿ ಕುಳಿತವನು ಮರ್ತ್ಯ, ಪೀಠ ಅಮರ. 1276ರ ಒಂದೇ ವರ್ಷದಲ್ಲಿ ಹತ್ತನೆಯ ಗ್ರೆಗರಿ, ಐದನೆಯ ಇನೊಸೆಂಟ್, ಐದನೆಯ ಏಡ್ರಿಯನ್, ಇಪ್ಪತ್ತೊಂದನೆಯ ಜಾನ್ ಎಂದು ನಾಲ್ವರು ಪೋಪರಾದರು. ಯಾವ ರಾಜ್ಯವಾದರೂ ಇಂಥ ವರ್ಷದಲ್ಲಿ ಒಡೆದುಹೋಗುತ್ತಿತ್ತು. ರೋಮಿನ ಪತ್ರಾಲಯ ಮಾತ್ರ ನಡೆದೇ ಇತ್ತು.

ಇದಕ್ಕೂ ಮೊದಲು, 1268ರಿಂದ 1271ರವರೆಗೆ, ವಿಟೆರ್ಬೊ ನಗರದಲ್ಲಿ ಸೇರಿದ ಕಾರ್ಡಿನಲರಿಗೆ ಸುಮಾರು ಮೂರು ವರ್ಷ ಪೋಪನನ್ನು ಆರಿಸಲು ಆಗಲಿಲ್ಲ. ಆ ಕಹಿ ಅನುಭವದಿಂದಲೇ 1274ರಲ್ಲಿ ಲಿಯಾನಿನ ಮಹಾಸಭೆ, ಕಾರ್ಡಿನಲರನ್ನು ಒಂದೆಡೆ ಕೂಡಿಹಾಕಿ ದಿನ ಕಳೆದಂತೆ ಊಟವನ್ನು ಕಡಿಮೆ ಮಾಡುವ ನಿಯಮವನ್ನು ತಂದಿತು. 1294ರಲ್ಲಿ ಬೆಟ್ಟದ ತಪಸ್ವಿಯೊಬ್ಬರನ್ನು ಐದನೆಯ ಸೆಲೆಸ್ಟೀನ್ ಎಂದು ಪೀಠಕ್ಕೇರಿಸಲಾಯಿತು. ಜುಲೈಯಲ್ಲಿ ಆಯ್ಕೆಯಾದ ಅವರು ಡಿಸೆಂಬರಿನಲ್ಲಿ ತಾವಾಗಿಯೇ ಪದತ್ಯಾಗ ಮಾಡಿದರು. 1378ರಿಂದ 1417ರವರೆಗಿನ ಮಹಾಭೇದದಲ್ಲಿ ರೋಮಿನಲ್ಲೊಬ್ಬರು, ಆವಿನ್ಯೋನಿನಲ್ಲೊಬ್ಬರು ಪೋಪರಿದ್ದರು. 1409ರಲ್ಲಿ ಪೀಸಾ ನಗರದ ಸಭೆ ಇಬ್ಬರನ್ನೂ ತೆಗೆದು ಒಬ್ಬರನ್ನು ನೇಮಿಸಹೋಗಿ ಮೂವರಾದರು. ಮೂವರ ನಡುವೆ ನಿಜವಾದವರಾರೆಂದು ಹಳ್ಳಿಯ ರೈತನೂ ವಿಶ್ವವಿದ್ಯಾಲಯದ ಪಂಡಿತನೂ ಸಮಾನವಾಗಿ ತಳಮಳಿಸಿದರು. 1417ರಲ್ಲಿ ಕಾನ್‌ಸ್ಟನ್ಸಿನ ಮಹಾಸಭೆ ಐದನೆಯ ಮಾರ್ಟಿನರನ್ನು ಆರಿಸಿದ ಮೇಲೆಯೇ ಈ ಗೊಂದಲ ತಿಳಿಯಾಯಿತು.

‘ಕ್ರುಸೇಡರ್ ಕಿಂಗ್ಸ್’ನ ಎರಡನೆಯ ಆವೃತ್ತಿಗೆ 2013ರಲ್ಲಿ ಬಂದ ಅನುಬಂಧವೊಂದು ಕಾರ್ಡಿನಲರ ಮಂಡಲವನ್ನು ಸೇರಿಸಿತು, ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಅಲ್ಲಿಯೂ ಆಟಗಾರನ ಗುರಿ ತನ್ನ ಕಡೆಯವನನ್ನು ಪೀಠಕ್ಕೇರಿಸುವುದೇ. ಪೀಠಕ್ಕೇರಿದವನು ಪೀಠದವನಾಗಿಬಿಡುವ ಸಂಗತಿಯನ್ನು ಆಟ ಗಂಭೀರವಾಗಿ ಎಣಿಸುವುದಿಲ್ಲ.

4

ಮೂರನೆಯದಾಗಿ, ಪೋಪರ ಆಜ್ಞೆ ಮೀರಿಹೋದ ಸಂದರ್ಭಗಳನ್ನು ನೋಡಬೇಕು. ಮೂರನೆಯ ಇನೊಸೆಂಟರು ಮಧ್ಯಯುಗದ ಅತ್ಯಂತ ಸಮರ್ಥ ಪೋಪರೆಂಬುದರಲ್ಲಿ ಭಿನ್ನಾಭಿಪ್ರಾಯ ಕಡಿಮೆ. 1198ರಲ್ಲಿ ಅವರು ಸಾರಿದ ನಾಲ್ಕನೆಯ ಧರ್ಮಯುದ್ಧದ ಸೇನೆ, ಹಡಗಿನ ಬಾಡಿಗೆಯನ್ನು ತೆರಲಾರದೆ ವೆನಿಸ್ ನಗರದ ಸಾಲಕ್ಕೆ ಸಿಕ್ಕಿತು. ಸಾಲ ತೀರಿಸಲು 1202ರಲ್ಲಿ ಕ್ರೈಸ್ತರದೇ ಆದ ಜಾರಾ ನಗರವನ್ನು ಮುತ್ತಿತು. ಕೂಡದೆಂದು ಪೋಪರು ಪತ್ರ ಬರೆದಿದ್ದರು, ಬಹಿಷ್ಕಾರವನ್ನೂ ಹಾಕಿದರು. 1204ರ ಏಪ್ರಿಲಿನಲ್ಲಿ ಅದೇ ಸೇನೆ ಕಾನ್‌ಸ್ಟಾಂಟಿನೋಪಲನ್ನು ಸೂರೆಗೊಂಡಿತು. ‘ಮಿಡೀವಲ್’ ಆಟದಲ್ಲಿ ಗುರಿಯತ್ತ ಸಾಗದ ಧರ್ಮಯುದ್ಧದ ಸೇನೆಯಿಂದ ಸೈನಿಕರು ಕಳಚಿಕೊಳ್ಳತೊಡಗುತ್ತಾರೆ. ಚರಿತ್ರೆಯಲ್ಲಿಯೂ ಕೆಲವರು ಕಳಚಿಕೊಂಡರು, ಆದರೆ ಬಹುಪಾಲು ಸೇನೆ ದಾರಿ ತಪ್ಪಿಯೇ ಮುಂದುವರಿಯಿತು.

ಇದಕ್ಕಿಂತ ವಿಚಿತ್ರವಾದುದು ಚಕ್ರವರ್ತಿ ಎರಡನೆಯ ಫ್ರೆಡರಿಕನ ಪ್ರಸಂಗ. ಧರ್ಮಯುದ್ಧಕ್ಕೆ ಹೊರಡಲು ತಡಮಾಡಿದನೆಂದು 1227ರಲ್ಲಿ ಅವನಿಗೆ ಬಹಿಷ್ಕಾರ ಬಿತ್ತು. ಬಹಿಷ್ಕೃತನಾಗಿಯೇ ಅವನು ಹೊರಟನು. ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನೊಡನೆ ಮಾತುಕತೆ ನಡೆಸಿ, ಕದನವಿಲ್ಲದೆಯೇ 1229ರಲ್ಲಿ ಜೆರುಸಲೇಮನ್ನು ಪಡೆದನು. ಗೆದ್ದವನು ಧರ್ಮಬಾಹಿರ, ಸಾಧನ ಒಪ್ಪಂದ, ಫಲ ಪವಿತ್ರ ನಗರ. ಅಲ್ಲಿನ ಧರ್ಮಾಧ್ಯಕ್ಷರು ಸಂತೋಷಪಡುವ ಬದಲು ಆ ನಗರದಲ್ಲಿಯೇ ಪೂಜೆಪ್ರಾರ್ಥನೆಗಳನ್ನು ನಿಷೇಧಿಸಿದರು. ಇದರ ಪುಣ್ಯವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಇನ್ನೊಂದೆಡೆ, ಪೀಠಕ್ಕೆ ಬಲ ಬಂದದ್ದು ಅದು ಕೊಟ್ಟ ಆಜ್ಞೆಗಳಿಂದಷ್ಟೇ ಅಲ್ಲ, ಅದರ ಬಳಿಗೆ ಜನ ಹೊತ್ತುತಂದ ಮನವಿಗಳಿಂದಲೂ. ಗದ್ದೆಯ ತಕರಾರು, ಮದುವೆಯ ಸಿಂಧುತ್ವ, ಮಠಗಳ ಎಲ್ಲೆಕಟ್ಟು ಎಲ್ಲವೂ ರೋಮಿಗೆ ಹೋಗುತ್ತಿದ್ದವು. ಇಂಗ್ಲೆಂಡಿನ ಜಾನ್ ಅರಸನ ಮೇಲೆ ಮುನಿದ ಇನೊಸೆಂಟರು 1208ರಲ್ಲಿ ದೇಶಕ್ಕೆ ದೇಶವನ್ನೇ ಪೂಜೆಯಿಂದ ವಂಚಿತಗೊಳಿಸಿದರು. ಆರು ವರ್ಷ ಇಗರ್ಜಿಯ ಗಂಟೆ ಮೊಳಗಲಿಲ್ಲ. ಸತ್ತವರನ್ನು ಪವಿತ್ರಭೂಮಿಯಲ್ಲಿ ಹೂಳಲಾಗಲಿಲ್ಲ. 1213ರಲ್ಲಿ ಜಾನ್ ಶರಣಾಗಿ ತನ್ನ ರಾಜ್ಯವನ್ನು ಪೋಪರಿಗೊಪ್ಪಿಸಿ, ವರ್ಷಕ್ಕೆ 1000 ಮಾರ್ಕ್ ಕಪ್ಪವನ್ನು ಒಪ್ಪಿಕೊಂಡು ಅವರಿಂದಲೇ ಮರಳಿ ಪಡೆದನು. ಎರಡು ವರ್ಷದಲ್ಲಿ ಸಾಮಂತರು ಅವನಿಂದ ಮ್ಯಾಗ್ನಾ ಕಾರ್ಟಾವನ್ನು ಬರೆಸಿಕೊಂಡಾಗ ಅದನ್ನು ರದ್ದುಪಡಿಸಿದ ಪತ್ರ ಬಂದದ್ದು ಅದೇ ಪೋಪರಿಂದ. ಸೋತವನು ಸೋಲಿನಿಂದಲೇ ರಕ್ಷಕನನ್ನು ಗಳಿಸಿಕೊಂಡಿದ್ದ.

ಪತ್ರದ ಶಕ್ತಿಯನ್ನು ಬಲ್ಲವರು ಪತ್ರದ ಅಪಾಯವನ್ನೂ ಬಲ್ಲರು. ಕಾನ್‌ಸ್ಟಂಟೈನ್ ಚಕ್ರವರ್ತಿ ಪಶ್ಚಿಮದ ಆಳ್ವಿಕೆಯನ್ನು ಪೋಪರಿಗೆ ದಾನವಿತ್ತನೆಂಬ ದಾಖಲೆಯೊಂದು ಶತಮಾನಗಳ ಕಾಲ ಚಲಾವಣೆಯಲ್ಲಿತ್ತು. ಅದು ಖೊಟ್ಟಿಯೆಂದು 1440ರಲ್ಲಿ ಲೊರೆಂಜೊ ವಾಲ್ಲಾ ಎಂಬ ವಿದ್ವಾಂಸ ಸಾಧಿಸಿದ್ದು ಭಾಷೆಯ ಆಧಾರದಿಂದ: ಆ ದಾಖಲೆಯ ಲ್ಯಾಟಿನ್ ಶಬ್ದಗಳು ಕಾನ್‌ಸ್ಟಂಟೈನನ ಕಾಲದವಲ್ಲವೆಂದು ಅವನು ತೋರಿಸಿದನು. ಲಿಪಿ ಮತ್ತು ಭಾಷೆಗಳ ಆಧಾರದಿಂದ ಕೂಟಶಾಸನಗಳನ್ನು ಗುರುತಿಸುವ ನಮ್ಮ ಶಾಸನತಜ್ಞರು ಅವನಲ್ಲಿ ತಮ್ಮ ಸಹೋದ್ಯೋಗಿಯನ್ನು ಕಾಣಬಲ್ಲರು.

ಈ ಪತ್ರಗಳು ದೂರದ ಸಂಗತಿಯೆಂದು ಮುಂಬಯಿಯವರು ಭಾವಿಸಬೇಕಾಗಿಲ್ಲ. 1455ರಲ್ಲಿ ಐದನೆಯ ನಿಕೊಲಸ್ ಪೋಪರು ಪೋರ್ಚುಗಲ್ಲಿನ ಅರಸನಿಗೆ ಕೊಟ್ಟ ಆಜ್ಞಾಪತ್ರವೂ ಅದರ ಬೆನ್ನಿಗೆ ಬಂದ ಇತರ ಪತ್ರಗಳೂ ಪೂರ್ವದೇಶಗಳ ಇಗರ್ಜಿಗಳ ಮೇಲೆ ಆ ಅರಸನಿಗೆ ಹಕ್ಕನ್ನು ಒದಗಿಸಿದವು. ಆ ಹಕ್ಕಿನ ವ್ಯಾಜ್ಯದಿಂದ 1794ರಲ್ಲಿ ಮುಂಬಯಿಯ ಕ್ಯಾಥೊಲಿಕರು ಎರಡು ಅಧಿಕಾರಗಳ ಕೆಳಗೆ ಹಂಚಿಹೋದರು. ಆ ದ್ವಂದ್ವ ಪೂರ್ಣವಾಗಿ ಕೊನೆಗೊಂಡದ್ದು 1928ರಲ್ಲಿ.

5

‘ಇದು ಕೇವಲ ಆಟ, ಸರಳಗೊಳಿಸದೆ ಆಟ ಹೇಗಾದೀತು?’ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆಕ್ಷೇಪ. ಚದುರಂಗದ ಆನೆಯಲ್ಲಿ ಯಾರೂ ಪ್ರಾಣಿಶಾಸ್ತ್ರವನ್ನು ಹುಡುಕುವುದಿಲ್ಲ. ಆದರೆ ಚದುರಂಗ ತಾನು ಚರಿತ್ರೆಯೆಂದು ಹೇಳಿಕೊಳ್ಳುವುದಿಲ್ಲ. ಈ ಆಟಗಳು ಇಸವಿ, ಹೆಸರು, ನಕಾಶೆಗಳೊಡನೆ ಹಾಗೆ ಹೇಳಿಕೊಳ್ಳುತ್ತವೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ಪ್ರಾರ್ಥನೆಗೂ ರಾಜಕಾರಣಕ್ಕೂ ಇರುವ ಸಂಬಂಧವನ್ನು ಹೇಗೆ ನಿರೂಪಿಸುತ್ತದೆಂದು ನಾವು ದಶಕಗಳಿಂದ ಚರ್ಚಿಸುತ್ತ ಬಂದಿದ್ದೇವೆ. ನಾಟಕಕ್ಕೆ ಕೇಳುವ ಪ್ರಶ್ನೆಯನ್ನು ಆಟಕ್ಕೂ ಕೇಳುವುದು ಅದಕ್ಕೆ ಕೊಡುವ ಗೌರವವೇ.

ಸರಳತೆಯನ್ನು ಕೆಡಿಸದೆಯೇ ಕೆಲವು ಮಾರ್ಪಾಡುಗಳು ಸಾಧ್ಯವೆಂದು ನನಗನಿಸುತ್ತದೆ. ಬಹಿಷ್ಕಾರದ ಫಲ ನಿಶ್ಚಿತವಾಗಿರದೆ, ಸಾಮಂತರೂ ಬಿಷಪರೂ ಪ್ರಜೆಗಳೂ ಅದನ್ನು ಎಷ್ಟರಮಟ್ಟಿಗೆ ಮನ್ನಿಸುತ್ತಾರೆಂಬುದನ್ನು ಅವಲಂಬಿಸಲಿ. ಮೇಲಿಂದ ಮೇಲೆ ಪ್ರಯೋಗಿಸಿದರೆ ಅದರ ಹರಿತ ಕುಂದಲಿ. ಪಶ್ಚಾತ್ತಾಪಿಯನ್ನು ತಿರಸ್ಕರಿಸಿದ ಪೋಪನು ತನ್ನವರ ಗೌರವವನ್ನು ಕಳೆದುಕೊಳ್ಳಲಿ. ಪುಣ್ಯದ ಮೊತ್ತ ಆಟಗಾರನಿಗೆ ಕಾಣದಿರಲಿ. ತನ್ನ ಪುಣ್ಯವೆಷ್ಟೆಂದು ಯಾವ ಅರಸನಿಗೂ ತಿಳಿದಿರಲಿಲ್ಲ. ಆಟಗಾರನಿಗೆ ಒಮ್ಮೆಯಾದರೂ ಪೀಠದ ಬದಿಯಿಂದ, ದಿನವೂ ಬರುವ ಮನವಿಗಳ ರಾಶಿಯ ಮುಂದೆ ಕುಳಿತು ಆಡುವ ಅವಕಾಶ ದೊರೆಯಲಿ. ಸೇನೆಯಿಲ್ಲದೆ ಆಳುವುದೆಂದರೇನೆಂದು ಆಗ ತಿಳಿದೀತು.

ಕೊನೆಯದಾಗಿ ಒಂದು ಮಾತು. 2020ರ ಆಟದ ನಕಾಶೆಯಲ್ಲಿ ದಖ್ಖನವೂ ಇದೆ. 867ನೆಯ ಇಸವಿಯಿಂದ ಆರಂಭಿಸಿದರೆ ರಾಷ್ಟ್ರಕೂಟರ ರಾಜ್ಯ ಕಣ್ಣಿಗೆ ಬೀಳುತ್ತದೆ. ಅದು ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷನ ಕಾಲ. 1066ರಿಂದ ಆರಂಭಿಸಿದರೆ ಅದು ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲ. ಅಲ್ಲಿಯೂ ಅರಸನ ಎದುರಿಗಿರುವುದು ಅದೇ ಪುಣ್ಯದ ಅಂಕೆ. ಕ್ಯಾಥೊಲಿಕ್ ಅರಸನಿಗೂ ಜೈನ ಅರಸನಿಗೂ ಒಂದೇ ತಕ್ಕಡಿ. ಎರಡು ವರ್ಷಗಳ ನಂತರ, 1068ರಲ್ಲಿ, ರೋಗಪೀಡಿತನಾದ ಆ ಸೋಮೇಶ್ವರನು ತುಂಗಭದ್ರೆಯಲ್ಲಿ ಇಳಿದು ದೇಹತ್ಯಾಗ ಮಾಡಿದನು. ಅವನು ಯಾವ ಅಂಕೆಯನ್ನು ಖರ್ಚು ಮಾಡಿ ಏನನ್ನು ಕೊಂಡುಕೊಂಡನು? ಪೋಪ್ ಪೀಠಕ್ಕಾದ ಅನ್ಯಾಯ ನಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವಂತಿಲ್ಲ. ಯುರೋಪಿನವರ ಧರ್ಮಸಂಸ್ಥೆಯನ್ನೇ ಅಂಗಡಿಯಾಗಿ ಕಂಡ ಕಣ್ಣಿಗೆ ನಮ್ಮ ಬಸದಿ, ಅಗ್ರಹಾರ, ಕಾಳಾಮುಖ ಮಠಗಳು ಬೇರೆಯಾಗಿ ಕಾಣಲಾರವು.

ಈ ತಿದ್ದುಪಡಿ ಆಟ ಕಟ್ಟುವವರೊಬ್ಬರಿಂದಲೇ ಆಗುವ ಕೆಲಸವಲ್ಲ. ಶಾಸನವನ್ನೂ ಕಾವ್ಯವನ್ನೂ ಓದಬಲ್ಲವರು ಅವರಿಗೆ ಒದಗಬೇಕು. ನಮ್ಮ ವಿಭಾಗಗಳಿಂದ ಹೊರಬರುವ ತರುಣರು ಈ ಕ್ಷೇತ್ರದಲ್ಲಿಯೂ ಕೆಲಸ ಮಾಡಬಲ್ಲರೆಂದು ನಾನು ನಂಬಿದ್ದೇನೆ. ಹಾಗೆ ನಂಬಲು ಕಾರಣವಿದೆ. ಮೊದಲು ಹೇಳಿದ ಆ ವಿದ್ಯಾರ್ಥಿ ಕೆಲವು ವಾರಗಳ ನಂತರ ನನ್ನ ಕೊಠಡಿಗೆ ಬಂದ. ಆಟ ಇನ್ನೂ ನಡೆದಿತ್ತಂತೆ. “ಸರ್, ಆ ಪೋಪರ ಹೆಸರನ್ನು ನೋಡಿದೆ. ಆಟದಲ್ಲಿ ಹುಟ್ಟಿದ ಹೆಸರು ಅದು, ಚರಿತ್ರೆಯಲ್ಲಿ ಇರಲಿಲ್ಲ. ಹಾಗಾದರೆ ಆಗ ನಿಜವಾಗಿ ಇದ್ದವರು ಯಾರು ಸರ್?” ಎಂದು ಕೇಳಿದ. ಗ್ರೆಗರಿಯವರ ಕಥೆಯನ್ನು ನಾನು ಅವನಿಗೆ ಹೇಳತೊಡಗಿದೆ.